ಊಟ ಆದ ಮ್ಯಾಲ

ಪ್ರಮಿಳಾ ಸಿಸ್ಟರ್ ದಿನಕ್ಕೆ ಎಷ್ಟು ಸಲ ‘ಸಾಕಾಗೇತಿ ನೋಡ್ರಿ’ ಅನ್ನುತ್ತಾಳೆಂದು ಯಾರೂ ಎಣಿಸಿಲ್ಲ. ಎಣಿಸುವ ಪುರುಸೊತ್ತು ಬೆಳಗಾವಿಯ ಆ ದವಾಖಾನೆಯಲ್ಲಿ ಯಾರಿಗಿದೆ? ಡ್ಯೂಟಿ ಬದಲಾಗುವಾಗ ಅನ್ನುತ್ತಾಳೆ, ಲಿಫ್ಟ್ ಕೆಟ್ಟಾಗ ಅನ್ನುತ್ತಾಳೆ, ಶಿವಬಸವ ನಗರದ ಮನೆಗೆ ಬಂದು ಚಪ್ಪಲಿ ಬಿಡುವಾಗ ಅನ್ನುತ್ತಾಳೆ. ಗಂಡ ಭರಮಣ್ಣ ಟೆಂಪೋ ಹೊಡೆಯುತ್ತಿದ್ದವನು. ಸೊಂಟ ಹೋದಾಗಿನಿಂದ ಮನೆಯಲ್ಲಿದ್ದಾನೆ, ಸಂಸಾರ ನಡೆಯುವುದು ಇವಳ ಪಗಾರದ ಮೇಲೆ. ಅವನು ಚಹಾದ ಕಪ್ಪು ಮುಂದಿಟ್ಟು, ‘ಸಾಕಾಗೇತಿ ಅನ್ಕೋತ ವರ್ಷಾನುಗಟ್ಲೆ ದುಡದೆಲ್ಲ, ಸಾಕಾಗದಿದ್ರ ಏನ್ ಮಾಡತಿದ್ದಿ?’ ಎಂದು ಕಾಡಿಸುತ್ತಾನೆ. ಅವಳು ನಗುವುದಿಲ್ಲ. ಕಾಲು ಚಾಚಿ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಾಳೆ.

ಅವಳಿರುವ ವಾರ್ಡಿಗೆ ಬೋರ್ಡಿನ ಮೇಲೆ ಉದ್ದನೆಯ ಇಂಗ್ಲಿಷ್ ಹೆಸರಿದೆ. ಜನ ಮಾತ್ರ ‘ನಡಸೂ ವಾರ್ಡು’ ಅನ್ನುತ್ತಾರೆ. ಹೃದಯದ ಆಪರೇಷನ್ ಆದವರು, ಎದೆನೋವು ಬಂದು ಉಳಿದವರು, ಲಕ್ವಾ ಹೊಡೆದವರು ಇಲ್ಲಿಗೆ ಬಂದು ಮತ್ತೆ ಎದ್ದು ಕೂಡುವುದು, ನಡೆಯುವುದು, ತಮ್ಮ ಮೈ ತಾವು ತೊಳೆದುಕೊಳ್ಳುವುದು ಕಲಿಯಬೇಕು. ಕಲಿಸುವವಳು ಪ್ರಮಿಳಾ. ನರ್ಸಿಂಗ್ ಓದುವಾಗ ಇದರ ಸಿದ್ಧಾಂತದ ಒಂದು ದಪ್ಪ ಪುಸ್ತಕ ಇತ್ತು. ಗೆಳತಿಯರೆಲ್ಲ ಅದನ್ನು ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ಮೇಲೆ ಮರೆತರು. ಇವಳಿಗೆ ಅದರ ತಿರುಳು ಮೂರೇ ಮಾತಿನಲ್ಲಿ ಹೊಳೆಯಿತು: ರೋಗಿ ತಾನು ಮಾಡಬಲ್ಲದ್ದನ್ನು ನರ್ಸ್ ಮಾಡಕೂಡದು, ಮಾಡಲಾರದ್ದನ್ನು ಮಾಡಿಕೊಡಬೇಕು, ಅದನ್ನೂ ದಿನದಿನಕ್ಕೆ ಕಡಿಮೆ ಮಾಡುತ್ತ ಬರಬೇಕು. ಖಾನಾಪುರ ತಾಲೂಕಿನ ಹಲಸಿಯ ಆಚೆಗಿನ ಹಳ್ಳಿಯಲ್ಲಿ ಕುರಿ ಕಾಯುತ್ತಿದ್ದ ಅಪ್ಪ ರಾಯಪ್ಪನನ್ನು ನೋಡಿ ಬೆಳೆದ ಹುಡುಗಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ. ಕಾಲು ಉಳುಕಿದ ಮರಿಯನ್ನು ರಾಯಪ್ಪ ಹೊಳೆ ದಾಟುವಾಗಷ್ಟೇ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ದಂಡೆಗೆ ಬಂದ ಕೂಡಲೇ ಇಳಿಸಿ, ‘ನಡಿ ಮಗನ’ ಅನ್ನುತ್ತಿದ್ದ.

ಆದರೆ ಮನುಷ್ಯರ ಮರಿಗಳ ಕಥೆ ಬೇರೆ. ನಮ್ಮ ಕಡೆ ಪ್ರೀತಿ ಎಂದರೆ ಬಾಯಿಗೆ ತುತ್ತು ಇಡುವುದು. ಮಗ ಬಂದು ಕುಡಿಸುತ್ತಾನೆ, ಸೊಸೆ ಬಂದು ತಲೆ ಬಾಚುತ್ತಾಳೆ, ನೋಡಲು ಬಂದ ಬೀಗರು ಕಾಲು ಒತ್ತುತ್ತಾರೆ. ಮಲಗಿದವರು ಮಲಗಿಯೇ ಇರುತ್ತಾರೆ. ಪ್ರಮಿಳಾ ಚಮಚ ಕಸಿದುಕೊಂಡು ರೋಗಿಯ ಕೈಗೇ ಕೊಟ್ಟರೆ ಹಿಂದಿನಿಂದ ‘ಕಲ್ಲು ಎದಿ ಸಿಸ್ಟರ್’ ಅನ್ನುತ್ತಾರೆ. ಅನ್ನಲಿ. ಅದಕ್ಕೂ ಅವಳಿಗೆ ಸಾಕಾಗಿಹೋಗಿತ್ತು.

ಗುಳಿಗೆಗಳ ವಿಷಯದಲ್ಲೂ ಅವಳದು ಅದೇ ಹಟ. ಹೃದಯದ ಗುಳಿಗೆಗಳೊಡನೆ ಆಟವಲ್ಲ. ಒಂದು ಹೆಚ್ಚಾದರೆ ಬಡಿತವೇ ಕುಸಿಯುತ್ತದೆ, ಒಂದು ತಪ್ಪಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹೊಸ ನರ್ಸುಗಳಿಗೆ ಪಾಠ ಮಾಡುವಾಗ, ‘ಹೆಸರು ಗೊತ್ತಾದ್ರ ಸಾಲೂದಿಲ್ರವಾ. ಅದು ಹೊಟ್ಟಿಗೆ ಹೋಗಿ ಏನ್ ಮಾಡ್ತೈತಿ, ಯಾವಾಗ ಕೊಡಬಾರದು, ಅದನ್ನ ಹೇಳ್ರಿ’ ಎಂದು ಬೆನ್ನು ಹತ್ತುತ್ತಿದ್ದಳು. ರೋಗಿಗಳಿಗೂ ಹಾಗೆಯೇ ಕಲಿಸಿ, ಅವರ ಬಾಯಿಂದಲೇ ತಿರುಗಿ ಹೇಳಿಸಿ, ಆಮೇಲೇ ಮನೆಗೆ ಬಿಡುವುದು.

ಆಷಾಢದಲ್ಲಿ ಪಾರಿಶ್ವಾಡದ ಗೌರವ್ವ ವಾರ್ಡಿಗೆ ಬಂದಳು. ಹೃದಯ ಸೋತು ಕಾಲು ಬಾತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಗಂಡ ತೀರಿಕೊಂಡ ಮೇಲೆ ಹೊಲ, ಮನೆ, ಆಳುಕಾಳು ಎಲ್ಲವನ್ನೂ ಒಬ್ಬಳೇ ಸಂಬಾಳಿಸಿದ ಹೆಂಗಸು. ಮಗ ದುಂಡಪ್ಪ ಇಷ್ಟು ದೊಡ್ಡವನಾದರೂ ಬಿತ್ತನೆಯ ದಿನ ಅವ್ವನನ್ನು ಕೇಳದೆ ಕೂರಿಗೆ ಹೂಡುತ್ತಿರಲಿಲ್ಲ. ಅಂಥವಳು ಪ್ರಮಿಳಾಳಿಗೆ ಸಿಕ್ಕಿದ್ದು ಪುಣ್ಯ. ಎರಡನೇ ದಿನಕ್ಕೇ, ‘ನನ್ನ ಹಾಸಿಗಿ ನಾ ಹಾಸ್ಕೋತೀನಿ, ನೀ ಬಾಜು ಸರಿ’ ಅಂದಳು. ಗುಳಿಗೆಯ ಪಾಠವನ್ನೂ ಸೆರಗಿಗೆ ಗಂಟು ಹಾಕಿಕೊಂಡಂತೆ ನೆನಪಿಟ್ಟುಕೊಂಡಳು.

‘ಈ ಸಣ್ಣದು ಏನ್ ಮಾಡ್ತೈತ್ರಿ ಅವ್ವಾರ?’

‘ಎದಿಗೆ ಕಸುವು ಕೊಡತೈತಿ. ತಗೊಳ್ಳೂ ಮುಂದ ನಾಡಿ ಹಿಡದ ನೋಡಬೇಕು. ಅರವತ್ತಕ್ಕ ಕಡಿಮಿ ಇದ್ರ ಬಾಯಾಗ ಹಾಕ್ಕೊಳ್ಳೂದಲ್ಲ, ನಿನಗ ಫೋನ್ ಹಚ್ಚೂದು.’

‘ಈ ಬಿಳೇದು?’

‘ಬಡತ ನಿಧಾನ ಮಾಡೂದು. ಮುಂಜಾನೆ ಒಂದು, ರಾತ್ರಿ ಒಂದು.’

‘ಯಾವಾಗ?’

‘ಊಟ ಆದ ಮ್ಯಾಲ.’

‘ಖಾಲಿ ಹೊಟ್ಟಿಲೆ ತಗೊಂಡ್ರ?’

‘ಸತ್ತರೂ ತಗೊಳ್ಳೂದಿಲ್ಲ ತಂಗಿ!’ ಎಂದು ಗೌರವ್ವ ನಕ್ಕಳು. ಸುತ್ತಲಿನ ಹಾಸಿಗೆಯವರೂ ನಕ್ಕರು. ಬಹಳ ದಿನಗಳ ಮೇಲೆ ಪ್ರಮಿಳಾಳೂ ನಕ್ಕಳು. ಮನೆಗೆ ಬಿಟ್ಟ ದಿನ ಗೌರವ್ವ ತನ್ನ ಗುಳಿಗೆಯ ಡಬ್ಬಿ ತಾನೇ ಹಿಡಿದುಕೊಂಡು, ಯಾರ ಹೆಗಲೂ ಹಿಡಿಯದೆ ಲಿಫ್ಟಿನತ್ತ ನಡೆದುಹೋದಳು. ಈ ದರಿದ್ರ ನೌಕರಿಯಲ್ಲಿ ಇಷ್ಟಾದರೂ ಇದೆಯಲ್ಲ ಎಂದು ಪ್ರಮಿಳಾಳಿಗೆ ಅನ್ನಿಸಿತು.

ಶ್ರಾವಣ ಹತ್ತಿತು. ಹತ್ತಿದ ಮೊದಲ ವಾರದಲ್ಲೇ ಗೌರವ್ವ ಹಿತ್ತಲಲ್ಲಿ ತಲೆ ತಿರುಗಿ ಬಿದ್ದಳು. ಗಾಡಿಯಲ್ಲಿ ಹಾಕಿಕೊಂಡು ಬೆಳಗಾವಿಗೆ ತಂದಾಗ ನಾಡಿ ನಲವತ್ತರ ಆಸುಪಾಸಿನಲ್ಲಿತ್ತು, ರಕ್ತದೊತ್ತಡ ಇಳಿದುಹೋಗಿತ್ತು. ಡಾಕ್ಟರು ಓಡಾಡಿ ಉಳಿಸಿದರು. ಸೊಸೆ ದಾನೇಶ್ವರಿ ಅಳುತ್ತ, ‘ಮುಂಜಾನಿದು, ರಾತ್ರಿದು ಎಲ್ಲಾ ಗುಳಿಗಿ ಒಮ್ಮೆಲೆ ನುಂಗ್ಯಾರ್ರಿ. ನಾನ ಕಣ್ಣಾರೆ ನೋಡೀನಿ’ ಅಂದಳು. ದುಂಡಪ್ಪ ತಲೆ ಹಿಡಿದುಕೊಂಡು ಕುಂತ. ‘ಅವ್ವಗ ಅರಳು ಮರಳು ಹತ್ತೇತ್ರಿ. ನಮಗ ತಿಳೀಲಿಲ್ಲ.’

ಡಾಕ್ಟರು ಗುಳಿಗೆ ಕಡಿಮೆ ಮಾಡಿ, ಇನ್ನು ಮುಂದೆ ಮನೆಯವರೇ ಕೊಡಬೇಕೆಂದು ಬರೆದರು. ಯಾಕೆ ಹೀಗೆ ತಗೊಂಡಿರಿ ಎಂದು ಆ ಮುದುಕಿಯನ್ನು ಒಬ್ಬರೂ ಕೇಳಲಿಲ್ಲ. ಅಲ್ಲ, ಒಬ್ಬರೂ! ಅಷ್ಟು ಜನ ಕಲಿತವರು, ಅಷ್ಟು ಮಷಿನ್ನುಗಳು, ಎರಡಕ್ಷರದ ‘ಯಾಕ್ರೀ’ ಒಬ್ಬರ ಬಾಯಿಂದಲೂ ಹೊರಡಲಿಲ್ಲ. ಪ್ರಮಿಳಾಳೂ ಕೇಳಲಿಲ್ಲ. ಆ ದಿನ ವಾರ್ಡಿನಲ್ಲಿ ಇಬ್ಬರು ರಜೆ ಹಾಕಿದ್ದರು, ಅವಳಿಗೆ ಉಸಿರಾಡಲು ಹೊತ್ತಿರಲಿಲ್ಲ. ಅಷ್ಟು ಚೆನ್ನಾಗಿ ಒಪ್ಪಿಸಿದವಳೇ ಮರೆತಳಲ್ಲ ಎಂದು ಮನಸ್ಸು ಮುರಿಯಿತು. ವಯಸ್ಸಾಯಿತು, ಇನ್ನೇನು ಎಂದುಕೊಂಡು ಮುಂದಿನ ಹಾಸಿಗೆಗೆ ಹೋದಳು.

ದವಾಖಾನೆಯವರು ಖಾನಾಪುರದಲ್ಲಿ ಒಂದು ಸಣ್ಣ ಕೇಂದ್ರ ಇಟ್ಟಿದ್ದಾರೆ. ಪ್ರತಿ ಸೋಮವಾರ ಬೆಳಗಾವಿಯಿಂದ ಒಬ್ಬ ನರ್ಸ್ ಅಲ್ಲಿಗೆ ಹೋಗಿ, ಮನೆಗೆ ಮರಳಿದ ರೋಗಿಗಳನ್ನು ನೋಡಿ ಬರಬೇಕು. ಯಾರೂ ಒಪ್ಪದ ಕೆಲಸ. ‘ನೀವು ಆ ಕಡೆಯವರ ಅಲ್ಲೇನು’ ಎಂದು ಅದನ್ನು ಪ್ರಮಿಳಾಳ ಕೊರಳಿಗೆ ಕಟ್ಟಿದ್ದರು. ಆ ಸೋಮವಾರವೂ ಜಿಟಿಜಿಟಿ ಮಳೆಯಲ್ಲಿ ಬಸ್ಸು ಹತ್ತಿದಳು. ‘ಚಲಾ, ಪುಢೇ ಚಲಾ’ ಎಂದು ಕಂಡಕ್ಟರ್ ನೂಕಿದಷ್ಟೂ ಮುಂದೆ ಸರಿದು, ಖಾನಾಪುರದವರೆಗೂ ನಿಂತೇ ಹೋದಳು. ಕೇಂದ್ರದಲ್ಲಿ ಮಧ್ಯಾಹ್ನದವರೆಗೆ ಬಿ.ಪಿ. ನೋಡಿ, ಕಾಲು ಬಾವು ಒತ್ತಿ ನೋಡಿ, ಉಪ್ಪು ಕಡಿಮೆ ತಿನ್ನಿ ಎಂದು ಹೇಳಿ ಹೇಳಿ ದನಿ ಬಿದ್ದುಹೋಯಿತು. ಅಲ್ಲಿಂದ ಪಾರಿಶ್ವಾಡದ ಬಸ್ಸು. ಗೌರವ್ವನನ್ನು ನೋಡಿ ಸಹಿ ಹಾಕಿಸಿಕೊಂಡರೆ ಇವತ್ತಿನ ಪಾಳಿ ಮುಗಿಯಿತು ಎಂಬುದಷ್ಟೇ ಅವಳ ತಲೆಯಲ್ಲಿದ್ದದ್ದು.

ಅವಳು ಹೋದಾಗ ಊಟದ ಹೊತ್ತು. ಪಡಸಾಲೆಯಲ್ಲಿ ಗೌರವ್ವ ಗೋಡೆಗೆ ಒರಗಿ ಕುಳಿತಿದ್ದಳು. ದಾನೇಶ್ವರಿ ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಅತ್ತೆಯ ಬಾಯಿಗೆ ಇಡುತ್ತಿದ್ದಳು. ಗೌರವ್ವನ ಎರಡೂ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಹಾಸಿಗೆ ತಾನೇ ಹಾಸಿಕೊಂಡ ಕೈಗಳು ಅವು!

‘ಏನ್ರಿ ಅವ್ವಾರ, ಕೈ ಎಲ್ಲಿ ಅಡವ ಇಟ್ಟು ಬಂದ್ರಿ?’ ಎಂದು ನಗಿಸಲು ನೋಡಿದಳು.

ಗೌರವ್ವ ನಗಲಿಲ್ಲ. ‘ಬಾ ತಂಗಿ’ ಅಂದಳು ಅಷ್ಟೇ.

‘ಬರ್ರಿ ಅಕ್ಕಾರ, ಕುಂದರ್ರಿ’ ಎಂದು ದಾನೇಶ್ವರಿ ಚಾಪೆ ಹಾಸಿದಳು. ಕೆಟ್ಟ ಹೆಂಗಸಲ್ಲ ಅವಳು. ಹೆದರಿದ್ದಳು. ಗುಳಿಗೆಗಳನ್ನು ತಿಜೋರಿಯಲ್ಲಿಟ್ಟು ಕೀಲಿಯನ್ನು ಗಂಡನ ಕೈಗೆ ಕೊಟ್ಟಿದ್ದೇವೆ, ಒಲೆಯ ಹತ್ತಿರ ಬಿಡುವುದಿಲ್ಲ, ಹಿತ್ತಲಿಗೆ ಒಬ್ಬರನ್ನೇ ಕಳಿಸುವುದಿಲ್ಲ, ಹೊಲದ ಮಾತು ಅವರ ಮುಂದೆ ತೆಗೆಯುವುದಿಲ್ಲ, ತಲೆಗೆ ತ್ರಾಸಾದೀತು ಎಂದು ಎಲ್ಲವನ್ನೂ ವಿವರಿಸಿದಳು. ಗೌರವ್ವನನ್ನು ಎದುರಿಗೇ ಕೂಡಿಸಿಕೊಂಡು, ಬೇರೆ ಊರಿನಲ್ಲಿರುವವರ ಬಗ್ಗೆ ಹೇಳಿದಂತೆ ಹೇಳಿದಳು.

ಪ್ರಮಿಳಾ ನಾಡಿ ಹಿಡಿದಳು, ಚೆನ್ನಾಗಿತ್ತು. ಬಿ.ಪಿ. ಚೆನ್ನಾಗಿತ್ತು. ಚೀಟಿ ತೆಗೆದು, ‘ಗುಳಿಗಿ ಯಾವ ಯಾವ ಹೊತ್ತಿಗೆ ಕೊಡ್ತೀರಿ ಹೇಳ್ರಿ, ಬರಕೋತೀನಿ. ಮುಂಜಾನೆ ಊಟ ಎಷ್ಟಕ್ಕ ಅಕ್ಕೈತಿ?’ ಎಂದು ಕೇಳಿದಳು.

‘ಮುಂಜಾನೆ ಎಲ್ಲಿ ಊಟಾ ಅಕ್ಕಾರ?’ ಎಂದಳು ದಾನೇಶ್ವರಿ. ‘ಶ್ರಾವಣ ತುಂಬ ಅತ್ತಿ ಒಪ್ಪತ್ತ ಮಾಡ್ತಾರ. ಮದಿವ್ಯಾಗಿ ಬಂದಾಗಿಂದ ನೋಡಾಕತ್ತೀನಿ. ಮಧ್ಯಾಹ್ನ ಒಂದ ಊಟ, ಮುಗೀತು. ಈಗ ನಾ ಜುಲುಮಿ ಮಾಡಿ ಮುಂಜಾನೆ ಹಾಲಿನ ಜೋಡಿ ಗುಳಿಗಿ ಕೊಡ್ತೀನಿ.’

ಪ್ರಮಿಳಾಳ ಪೆನ್ನು ಅಲ್ಲೇ ನಿಂತಿತು.

ಒಂದೇ ಊಟ. ಮುಂಜಾನೆಯ ಗುಳಿಗೆ ಊಟ ಆದ ಮೇಲೆ. ರಾತ್ರಿಯ ಗುಳಿಗೆಯೂ ಊಟ ಆದ ಮೇಲೆ. ಖಾಲಿ ಹೊಟ್ಟೆಯಲ್ಲಿ ಸತ್ತರೂ ತಗೊಳ್ಳಕೂಡದು. ಊಟವೇ ಒಂದಾದರೆ ಎಲ್ಲ ಗುಳಿಗೆಯೂ ಅದರ ಹಿಂದೆಯೇ ಹೋಗಬೇಕಲ್ಲ! ಆಷಾಢ ಮುಗಿಯುವ ತನಕ ಸರಿಯಾಗಿ ತಗೊಂಡವಳು ಶ್ರಾವಣ ಹತ್ತಿದ ಕೂಡಲೇ ಬಿದ್ದದ್ದು ಮರೆತದ್ದರಿಂದಲ್ಲ, ಮರೆಯದ್ದರಿಂದ. ಹಳ್ಳಿಯಲ್ಲಿ ಪ್ರಮಿಳಾಳ ಸ್ವಂತ ತಾಯಿ ಸಾತವ್ವ ಶ್ರಾವಣ ಸೋಮವಾರ ಹಿಡಿಯುತ್ತಾಳೆ. ಅಂಥ ಮನೆಯಲ್ಲಿ ಹುಟ್ಟಿಯೂ, ನೀವು ದಿನಕ್ಕೆ ಎಷ್ಟು ಹೊತ್ತು ಉಣ್ಣುತ್ತೀರಿ ಎಂಬ ಒಂದು ಮಾತನ್ನು ಕೇಳಲಿಲ್ಲವಲ್ಲ! ಅಯ್ಯೋ ನನ್ನ ಶಾಣ್ಯಾತನಕ್ಕೆ ಬೆಂಕಿ ಬೀಳಲಿ ಎಂದು ಅವಳು ತನ್ನನ್ನೇ ಬೈದುಕೊಂಡಳು.

‘ಅವ್ವಾರ,’ ಎಂದಳು ಮೆಲ್ಲಗೆ. ‘ಬಿದ್ದ ದಿನ ಎಲ್ಲಾ ಗುಳಿಗಿ ಒಮ್ಮೆ ಯಾಕ ತಗೊಂಡ್ರಿ?’

ಗೌರವ್ವ ಸೊಸೆಯ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. ‘ನೀ ಊಟ ಆದ ಮ್ಯಾಲ ತಗೋರಿ ಅಂದಿದ್ದಿ ಅಂತ ನನಗ ನೆನಪು. ಆದ್ರ ನನ್ನ ನೆನಪು ಈಗ ಖರೇ ಅಲ್ಲಂತ. ಎಲ್ಲಾರೂ ಅಂತಾರ. ಇರಬೇಕು.’

ಅಷ್ಟರಲ್ಲಿ ದುಂಡಪ್ಪ ಬಂದ. ಕಾಲು ತೊಳೆದುಕೊಂಡು ಒಳಗೆ ಬಂದವನೇ, ‘ಛಲೋ ಆತು ಬಂದ್ರಿ ಸಿಸ್ಟರ್’ ಅಂದ. ‘ನಮ್ಮ ಮಾತು ಕೇಳೂದಿಲ್ಲ ಅಕಿ, ನಿಮ್ಮದು ಕೇಳತಾಳ. ಇನ್ನ ಗುಳಿಗಿ ಸುದ್ದಿಗೆ ಬರಬ್ಯಾಡ, ಮನಿ ಸುದ್ದಿಗೂ ಬರಬ್ಯಾಡ, ಸುಮ್ನ ಕುಂದ್ರು ಅಂತ ನೀವ ಒಂದ ಮಾತ ಹೇಳಿಬಿಡ್ರಿ. ತಲಿ ಡಾಕ್ಟರಿಗೂ ತೋರಸೂಣಂತ ಮಾಡೇವಿ. ಮೊದಲಿಗೆ ನಾ ದವಾಖಾನಿಯವರ ತಪ್ಪಂತ ತಿಳಿದಿದ್ನಿ. ಹಂಗೇನರ ಇದ್ದಿದ್ರ ಬಿಡತಿದ್ದಿಲ್ಲ ನೋಡ್ರಿ, ಒಬ್ಬೊಬ್ಬರನ್ನ ಮನಿಗೆ ಕಳಸ್ತಿದ್ನಿ. ಆದ್ರ ನಮ್ಮ ಅವ್ವಂದ ಹಣೇಬಾರ.’

ಮನೆಗೆ ಕಳಿಸುವ ಮಾತು ಗಾಳಿಯ ಮಾತಲ್ಲ. ಕಳೆದ ವರ್ಷ ಇದೇ ವಾರ್ಡಿನ ಕಾಂತಾ ಸಿಸ್ಟರ್ ಮೇಲೆ ಒಂದು ಮನೆಯವರು ತಕರಾರು ಕೊಟ್ಟರು. ವಾರ ಕಳೆಯುವುದರೊಳಗೆ ಅವಳ ಹೆಸರು ಡ್ಯೂಟಿ ಪಟ್ಟಿಯಲ್ಲಿ ಇರಲಿಲ್ಲ. ಪ್ರಮಿಳಾ ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹಾಲಿನ ಜೊತೆ ಗುಳಿಗೆ ಹೋಗುತ್ತಿದೆ, ನಾಡಿ ಸರಿಯಿದೆ, ರೋಗಿ ಕ್ಷೇಮ. ಸಹಿ ಹಾಕಿಸಿಕೊಂಡು ಬಸ್ಸು ಹಿಡಿದರೆ ಹೊತ್ತು ಮುಳುಗುವ ಮೊದಲು ಮನೆ, ಭರಮಣ್ಣನ ಚಹಾ. ಅವಳಿಗೆ ಎಷ್ಟು ದಣಿವಾಗಿತ್ತೆಂದರೆ ಬಾಯಿ ತೆರೆಯುವುದೇ ಒಂದು ಕೆಲಸ ಅನ್ನಿಸಿತು. ಈ ಮುದುಕಿ ಇನ್ನಿರುವಷ್ಟು ದಿನ ಕೈ ಮಡಿಲಲ್ಲಿಟ್ಟುಕೊಂಡು ಕೂಡುತ್ತಾಳೆ, ಬಾಯಿಗೆ ಬಂದ ತುತ್ತು ತಿನ್ನುತ್ತಾಳೆ. ಎಷ್ಟೋ ಮನೆಗಳಲ್ಲಿ ಎಷ್ಟೋ ಮುದುಕಿಯರು ಹಾಗೇ ಕೂತಿಲ್ಲವೇ? ಎಲ್ಲರನ್ನೂ ಎಬ್ಬಿಸಿ ನಡೆಸುತ್ತೇನೆಂದು ಅವಳೇನು ಬರೆದುಕೊಟ್ಟಿದ್ದಾಳೆಯೇ?

ದುಂಡಪ್ಪ ಕಾಯುತ್ತಿದ್ದ. ‘ಹೇಳ್ರಿ ಸಿಸ್ಟರ್.’

‘ಅಣ್ಣಾರ,’ ಎಂದಳು ಪ್ರಮಿಳಾ. ದನಿ ಮೊದಲೇ ಬಿದ್ದಿತ್ತು, ಗಂಟಲು ಸರಿ ಮಾಡಿಕೊಂಡಳು. ‘ನಿಮ್ಮ ಅವ್ವಾರು ತಪ್ಪ ಮಾಡಿಲ್ಲ. ಊಟ ಆದ ಮ್ಯಾಲ ತಗೋರಿ, ಖಾಲಿ ಹೊಟ್ಟಿಲೆ ಮುಟ್ಟಬ್ಯಾಡ್ರಿ ಅಂತ ನಾನ ಹೇಳಿದ್ನಿ. ಬಾಯಿಪಾಠ ಮಾಡಿಸಿ ಹೇಳಿದ್ನಿ. ಶ್ರಾವಣದಾಗ ಅವರು ಉಣ್ಣೂದು ಒಂದ ಹೊತ್ತು. ನಾ ಅದನ್ನ ಕೇಳಲಿಲ್ಲ. ಅವರು ನಾ ಹೇಳಿದಂಗ ಮಾಡಿದ್ರು. ತಪ್ಪು ನಂದು.’

ದಾನೇಶ್ವರಿಯ ಕೈಯಲ್ಲಿದ್ದ ರೊಟ್ಟಿಯ ತುಣುಕು ತಾಟಿಗೆ ಬಿತ್ತು. ದುಂಡಪ್ಪನಿಗೆ ಅರ್ಥವಾದ ಮೇಲೆ ಮುಖ ಕೆಂಪೇರಿತು.

‘ಅಂದ್ರ ನೀವ ಹೇಳಿದ್ದಕ್ಕ ನಮ್ಮ ಅವ್ವ ಬಿದ್ದಳು? ಸಾಯೂ ತನಕಾ ಹೋಗಿ ಬಂದಳು? ಇಷ್ಟ ದಿನ ಎಲ್ಲಿದ್ರಿ ನೀವು?’

‘ಇವತ್ತ ತಿಳೀತ್ರಿ. ಈಗ ತಿಳೀತು.’

‘ನಾ ಬಿಡೂದಿಲ್ಲ ಸಿಸ್ಟರ್. ದವಾಖಾನಿಗೆ ಬರ್ತೀನಿ. ದೊಡ್ಡ ಡಾಕ್ಟರ ಮುಂದ ನಿಂತು ಕೇಳತೀನಿ.’

‘ಬರ್ರಿ. ಪ್ರಮಿಳಾ ಅಂತ ಹೇಳ್ರಿ, ನಡಸೂ ವಾರ್ಡು. ಎಲ್ಲಾರಿಗೂ ಗೊತ್ತೈತಿ.’

ಅವನು ಆಮೇಲೆ ದವಾಖಾನೆಗೆ ಬಂದ, ಹೇಳಿದ ಮಾತಿಗೆ ತಪ್ಪುವವನಲ್ಲ. ಮುಂದಿನ ವಾರ ತಕರಾರು ಬರೆದುಕೊಂಡರು, ವಿಚಾರಣೆ ಮಾಡಿದರು. ನೌಕರಿ ಉಳಿಯಿತು, ವಾರ್ಡು ಉಳಿಯಲಿಲ್ಲ. ಈಗ ಅವಳು ಕೆಳಗಿನ ಇಂಜೆಕ್ಷನ್ ಕೋಣೆಯಲ್ಲಿ ಕೂಡುತ್ತಾಳೆ, ಬಂದವರ ತೋಳಿಗೆ ಸೂಜಿ ಚುಚ್ಚಿ ಕಳಿಸುತ್ತಾಳೆ. ನಡೆಸುವ ಕೆಲಸ ಕೈಬಿಟ್ಟುಹೋದದ್ದರಿಂದ ಅವಳಿಗೆ ಎಷ್ಟು ನೋವಾಗಿದೆಯೆಂದು ಭರಮಣ್ಣನೊಬ್ಬನಿಗೇ ಗೊತ್ತು. ಅವನು ಈಗ ಕಾಡಿಸುವುದನ್ನು ಬಿಟ್ಟಿದ್ದಾನೆ. ಅದೆಲ್ಲ ಆಮೇಲಿನ ಮಾತು. ಆ ಸೋಮವಾರ ಪಡಸಾಲೆಯಲ್ಲಿ, ದುಂಡಪ್ಪ ಇನ್ನೂ ಏನೋ ಕೂಗಾಡುತ್ತಿದ್ದಾಗ, ಗೌರವ್ವ ಗೋಡೆ ಬಿಟ್ಟು ನೆಟ್ಟಗೆ ಕುಳಿತಳು.

‘ತಂಗಿ,’ ಅಂದಳು. ‘ಹಂಗಾರ ನೀ ಖರೇನ ಹಂಗ ಅಂದಿದ್ದಿ?’

‘ಅಂದಿದ್ನಿ ಅವ್ವಾರ. ನೀವು ಒಂದಕ್ಷರ ಮರತಿಲ್ಲ.’

‘ನನಗ ಅರಳು ಮರಳು ಆಗಿಲ್ಲ?’

‘ಇಲ್ರಿ. ನಿಮ್ಮ ತಲಿ ಛಲೋ ಐತಿ.’

ಗಂಡ ಸತ್ತಾಗಲೂ ಮಂದಿಯ ಮುಂದೆ ಅಳದ ಗೌರವ್ವ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ದುಂಡಪ್ಪನ ಕೂಗು ಅರ್ಧಕ್ಕೇ ನಿಂತಿತು. ಅವನಿಗೆ ಸಿಟ್ಟು ಗೊತ್ತಿತ್ತು, ಇದು ಗೊತ್ತಿರಲಿಲ್ಲ. ‘ಯಾಕವ್ವಾ? ಈಗ್ಯಾಕ ಅಳತಿ? ಛಲೋ ಸುದ್ದಿ ಅಲ್ಲೇನು?’ ಎಂದು ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತ.

‘ಅಂಜಿಕಿ ಬರತಿತ್ತೋ,’ ಎಂದಳು ಗೌರವ್ವ. ‘ದಿನಾ ಅಂಜಿಕಿ ಬರತಿತ್ತು. ಲಿಂಗಾ ಕೈಯಾಗ ಹಿಡದಾಗ, ಪೂಜಿ ಸರಿ ಮಾಡಾಕತ್ತೀನೋ ಇಲ್ಲೋ ಅಂತ. ನಿನ್ನ ಹೆಸರು ಹಿಡದ ಕರಿಯಾಕೂ ಅಂಜತಿದ್ನಿ. ಬ್ಯಾರೆ ಹೆಸರು ಬಂದಗಿಂದೀತಂತ. ಅದಕ್ಕ ಸುಮ್ನ ಕುಂದರತಿದ್ನಿ.’

ದುಂಡಪ್ಪ ಅವ್ವನ ಎರಡೂ ಕೈಗಳನ್ನು ಹಿಡಿದುಕೊಂಡ.

‘ಕರಿಯವ್ವಾ,’ ಅಂದ. ‘ಈಗ ಕರಿ. ಯಾವ ಹೆಸರ ಬಂದ್ರೂ ನಾ ಓ ಅಂತೀನಿ.’